ಆ ಎಂಟ್ರಿ ಹಾಕಬೇಡಿ
ಮಾಮೂಲಿ ರಿಪೇರಿ ಖರ್ಚನ್ನು ಆಸ್ತಿ ಲೆಕ್ಕಕ್ಕೆ ಹಾಕಿ ಲಾಭ ಜಾಸ್ತಿ ತೋರಿಸು, ನಿನ್ನ ನೀತಿ ಬೇರೆ ಬಿಸಿನೆಸ್ ಬೇರೆ ಅಂತ ಮ್ಯಾನೇಜರ್ ಹೇಳಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. (ಯಂತ್ರದ ಆಯಸ್ಸು ಹೆಚ್ಚಿಸುವ ದೊಡ್ಡ ಕೆಲಸವಾದರೆ ಮಾತು ಬೇರೆ.)

ಅಮೆರಿಕದ ಟೆಲಿಫೋನ್ ಕಂಪನಿ ವರ್ಲ್ಡ್‌ಕಾಮ್‌ನಲ್ಲಿ ಆಗಿದ್ದು ಹೆಚ್ಚೂಕಡಿಮೆ ಇದೇ. ಬೇರೆ ಕಂಪನಿಗಳ ಫೋನ್ ಲೈನ್ ಬಳಸಿದ್ದಕ್ಕೆ ಕೊಡುವ ದುಡ್ಡು ಆಯಾ ತಿಂಗಳ ಖರ್ಚು. ಅದನ್ನು ಆಸ್ತಿ ಅಂತ ತೋರಿಸಿದರು. ಅಕೌಂಟ್ಸ್‌ನಲ್ಲಿದ್ದ ಬೆಟ್ಟಿ ವಿನ್ಸನ್‌ಗೆ ಲೆಕ್ಕ ತಿದ್ದುವುದು ತಪ್ಪು ಅಂತ ಗೊತ್ತಿತ್ತು. ಕೆಲಸ ಬಿಡುವ ಯೋಚನೆಯೂ ಬಂದಿತ್ತು. ಇದೊಂದು ಸಲ ಅಂತ ಮೇಲಿನವರು ಒಪ್ಪಿಸಿದರು. ಆಮೇಲೆ ಮತ್ತೆ ಅದೇ. 2002ರಲ್ಲಿ ಕಂಪನಿ ದಿವಾಳಿ, 2005ರಲ್ಲಿ ಆಕೆಗೆ 5 ತಿಂಗಳ ಜೈಲು ಶಿಕ್ಷೆ. ಮೇಲಿನವರು ಹೇಳಿದ್ದಕ್ಕೆ ಮಾಡಿದೆ ಅನ್ನುವುದು ಆಕೆಯನ್ನು ಉಳಿಸಲಿಲ್ಲ.

ಹಾಗಂತ ಜಗಳಕ್ಕೆ ಹೋಗಬೇಡಿ. 'ಇದನ್ನು ಯಾವ ನಿಯಮದ ಪ್ರಕಾರ ಆಸ್ತಿ ಅಂತ ತೋರಿಸಬೇಕು, ತಿಳಿಸಿ' ಅಂತ ಒಂದು ಮೇಲ್ ಹಾಕಿ. ಬಾಯಲ್ಲಿ ಸಲೀಸಾಗಿ ಹೇಳಿದ್ದನ್ನು ಬರೆದು ಕೊಡೋಕೆ ಎಷ್ಟೋ ಜನ ಹಿಂಜರಿಯುತ್ತಾರೆ, ಅಲ್ವಾ? ಒತ್ತಾಯ ನಿಲ್ಲದಿದ್ದರೆ ಆಂತರಿಕ ಆಡಿಟ್‌ನವರ ಹತ್ತಿರ ಹೋಗಿ. ವರ್ಲ್ಡ್‌ಕಾಮ್ ಮೋಸವನ್ನು ಹೊರಗೆಳೆದದ್ದೂ ಸಿಂಥಿಯಾ ಕೂಪರ್ ಅವರ ಆಂತರಿಕ ಆಡಿಟ್ ತಂಡವೇ.