ಹುಡುಗಿಯ ದನಿಯೂ ಅದೇ, ಗಂಡಸಿನ ದನಿಯೂ ಅದೇ

ಪ್ರೀತಿಯ ಮೇಷ್ಟ್ರೇ, ನಮಸ್ಕಾರ.

ಕೇಳಿದರೆ ಗುರುತು ಸಿಗುವ ಮನುಷ್ಯನ ದನಿಗಳಲ್ಲಿ ಅತಿ ಹಳೆಯದು 1860ರದ್ದು, ಹಾಡಿದವನು ಗಂಡಸು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮಗೆ ವಾಟ್ಸ್ಯಾಪ್‌ನಲ್ಲಿ ಬಂದ ಕ್ಲಿಪ್‌ನಲ್ಲಿ ಅದೇ ಹಾಡು ಹುಡುಗಿಯ ದನಿಯಲ್ಲಿದೆ, ಯಾವುದು ಸುಳ್ಳು ಎಂದು ಕೇಳಿದ್ದೀರಿ. ದನಿಯನ್ನು ಮೊದಲು ಹಿಡಿದವರು ಎಡಿಸನ್ ಎಂದು ಇಷ್ಟು ವರ್ಷ ಪಾಠ ಮಾಡಿದ್ದು ತಪ್ಪಾಯಿತೇ ಎಂಬುದು ನಿಮ್ಮ ಎರಡನೇ ಪ್ರಶ್ನೆ. ಇಂಥ ಸಂಗತಿಗಳಿಗೆ ಒಂದು ಪುಟ ಯಾಕೆ ಎಂಬುದು ಮೂರನೆಯದು.

ಎರಡೂ ಸುಳ್ಳಲ್ಲ ಮೇಷ್ಟ್ರೇ. ಎರಡೂ ಒಂದೇ ಕಾಗದದಿಂದ ಬಂದವು.

ಪ್ಯಾರಿಸ್ಸಿನ ಎದ್ವಾರ್ ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಅಚ್ಚುಕೂಟದ ಕೆಲಸದವರು. ಕಿವಿಯ ರಚನೆಯ ಚಿತ್ರಗಳಿದ್ದ ಪುಸ್ತಕದ ಕರಡು ತಿದ್ದುವಾಗ ಅವರಿಗೊಂದು ಯೋಚನೆ ಬಂತು. ಕಿವಿಯ ತಮಟೆಯಂಥ ಒಂದು ತೆಳು ಪೊರೆ, ಅದಕ್ಕೊಂದು ಹಂದಿಯ ಬಿರುಗೂದಲು, ಅದರ ಮುಂದೆ ದೀಪದ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆ. ಮಾತಾಡಿದರೆ ಪೊರೆ ನಡುಗುತ್ತದೆ, ಕೂದಲು ಮಸಿಯ ಮೇಲೆ ಗೀರುತ್ತದೆ. 1857ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೆಸರು ಫೋನಾಟೋಗ್ರಾಫ್. ಆ ಗೀರನ್ನು ಮತ್ತೆ ದನಿಯಾಗಿಸುವ ಆಲೋಚನೆ ಅವರಿಗಿರಲಿಲ್ಲ. ದನಿ ತನ್ನನ್ನು ತಾನೇ ಬರೆದುಕೊಳ್ಳಬೇಕು, ನಾವು ಅದನ್ನು ಕಣ್ಣಿಂದ ಓದಬೇಕು ಎಂಬುದಷ್ಟೇ ಅವರ ಆಸೆ.

ಉರುಳೆಯನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಕೈ ಅಂದಮೇಲೆ ಒಮ್ಮೆ ಜೋರು, ಒಮ್ಮೆ ನಿಧಾನ. ಅದಕ್ಕೇ ಸ್ಕಾಟ್ ಆಮೇಲಾಮೇಲೆ ದನಿಯ ಗೀರಿನ ಪಕ್ಕದಲ್ಲೇ ಒಂದು ಟ್ಯೂನಿಂಗ್ ಫೋರ್ಕಿನ, ಅಂದರೆ ತಟ್ಟಿದರೆ ಒಂದೇ ಸ್ವರ ಹೊಮ್ಮಿಸುವ ಎರಡು ಕವಲಿನ ಲೋಹದ ಸಾಧನದ, ಗೀರನ್ನೂ ಬರೆಸಿದರು. ಫೋರ್ಕಿನ ನಡುಕ ಬದಲಾಗುವುದಿಲ್ಲ, ಆದ್ದರಿಂದ ಅದೇ ಗಡಿಯಾರ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಎರಡನೇ ಗೀರು. ಅದಿಲ್ಲದಿದ್ದರೆ ಇವತ್ತು ನಮಗೆ ಹಾಡು ಸಿಗುತ್ತಿರಲಿಲ್ಲ.

1860ರ ಏಪ್ರಿಲ್ 9ರಂದು ಹೀಗೆ ಬರೆದಿಟ್ಟದ್ದು ಫ್ರಾನ್ಸಿನ ಮಕ್ಕಳೆಲ್ಲ ಹಾಡುವ 'ಓ ಕ್ಲೇರ್ ದ ಲಾ ಲೂನ್' ಹಾಡಿನ ಒಂದು ತುಣುಕು. ಕಾಗದ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಡತದಲ್ಲಿ ಉಳಿದಿತ್ತು. 2008ರಲ್ಲಿ ಅಮೆರಿಕದ 'ಫಸ್ಟ್ ಸೌಂಡ್ಸ್' ಎಂಬ ಸಂಶೋಧಕರ ಗುಂಪು ಅದರ ಸ್ಪಷ್ಟ ಚಿತ್ರ ತೆಗೆದು, ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ನೆರವಿನಿಂದ ಕಂಪ್ಯೂಟರಿನಲ್ಲಿ ದನಿಯಾಗಿಸಿತು. ಹತ್ತು ಸೆಕೆಂಡಿನ ಹುಡುಗಿಯ ಹಾಡು ಕೇಳಿಸಿತು. ನಿಮ್ಮ ಕ್ಲಿಪ್ ಇದೇ. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನೇ ಬರೆದವು.

ಮಾರನೇ ವರ್ಷ ಅದೇ ಗುಂಪು ತನ್ನ ಲೆಕ್ಕವನ್ನು ತಾನೇ ತಿದ್ದಿತು. ಫೋರ್ಕ್ ಸೆಕೆಂಡಿಗೆ 500 ಸಲ ನಡುಗುತ್ತದೆ ಎಂದು ಅವರು ಹಿಡಿದಿದ್ದರು. ಆದರೆ ಆಗಿನ ಫ್ರಾನ್ಸಿನಲ್ಲಿ ಹೋಗುವುದೊಂದು, ಬರುವುದೊಂದು ಎಂದು ಬೇರೆ ಬೇರೆ ಎಣಿಸುವ ರೂಢಿಯಿತ್ತು. ನಮ್ಮ ಲೆಕ್ಕದಲ್ಲಿ ಅದು 250 ಹರ್ಟ್ಸ್, ಸೆಕೆಂಡಿಗೆ 250 ಸಲ. ಅಂದರೆ ಹಾಡು ಎರಡು ಪಟ್ಟು ವೇಗದಲ್ಲಿ ಓಡಿತ್ತು. ಅರ್ಧಕ್ಕೆ ಇಳಿಸಿದಾಗ ಇಪ್ಪತ್ತು ಸೆಕೆಂಡು, ಗಂಡಸಿನ ದನಿ. ಒಂದೊಂದೇ ಸ್ವರವನ್ನು ನಿಧಾನವಾಗಿ, ಜತನದಿಂದ ಹಾಡುತ್ತಾರೆ. ಬಹುಶಃ ಸ್ಕಾಟ್ ಅವರೇ.

ಎಡಿಸನ್ ಪಾಠವನ್ನು ನೀವು ಪೂರ್ತಿ ಬಿಡಬೇಕಾಗಿಲ್ಲ. ದನಿ ಹಿಡಿದು ಮತ್ತೆ ಕೇಳಿಸಿದ ಮೊದಲಿಗ ಅವರೇ, 1877ರಲ್ಲಿ. ದನಿಯನ್ನು ಹಿಡಿದದ್ದು ಮಾತ್ರ ಸ್ಕಾಟ್, ಇಪ್ಪತ್ತು ವರ್ಷ ಮೊದಲು. ಎಡಿಸನ್‌ಗೆ ಸಿಕ್ಕ ಹೆಸರು ನೋಡಿ ಸ್ಕಾಟ್ ನೊಂದುಕೊಂಡರು, 1879ರಲ್ಲಿ ತೀರಿಕೊಂಡರು. ಮಕ್ಕಳಿಗೆ ಇಬ್ಬರ ಹೆಸರನ್ನೂ ಹೇಳಿ ಎಂದು ನನ್ನ ಕೋರಿಕೆ.

ಇನ್ನು ಪ್ರಯೋಜನದ ಮಾತು. ಬರ್ಕ್‌ಲಿಯ ಕಾರ್ಲ್ ಹೇಬರ್ ಕಣ ಭೌತವಿಜ್ಞಾನಿ. ಕಣಗಳನ್ನು ಪತ್ತೆ ಮಾಡುವ ಉಪಕರಣಗಳನ್ನು ಕರಾರುವಾಕ್ಕಾಗಿ ಜೋಡಿಸಲು ಬಳಸುತ್ತಿದ್ದ ಅಳತೆಯ ವಿಧಾನವನ್ನು ಅವರು ಹಳೇ ಧ್ವನಿಮುದ್ರಣಗಳ ಗೆರೆಗಳಿಗೆ ಬಳಸಿದರು. ಮುಳ್ಳು ತಾಗಿಸಿದರೆ ಪುಡಿಯಾಗುವಂಥವನ್ನು ಮುಟ್ಟದೆಯೇ ಓದಬಹುದಾಯಿತು. 2013ರಲ್ಲಿ ಗ್ರಹಾಂ ಬೆಲ್ ಅವರ ದನಿ ಸಿಕ್ಕಿದ್ದು ಹೀಗೇ. ಆದರೆ ಇದಕ್ಕಿಂತ ದೊಡ್ಡದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮಾತು, ಹಾಡುಗಳಿದ್ದ ಮೇಣದ ಸಿಲಿಂಡರುಗಳ ಕೆಲಸ. ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅಂಥವು ಸಾವಿರಗಟ್ಟಲೆ ಇದ್ದವು. ಆ ಭಾಷೆಗಳಲ್ಲಿ ಎಷ್ಟೋ ಇವತ್ತು ಯಾರ ಮನೆಯಲ್ಲೂ ಆಡುವ ಮಾತಾಗಿ ಉಳಿದಿಲ್ಲ. ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಹಿರಿಯರ ಮಾತನ್ನು ಕೇಳಿ ಕಲಿಯಲು ಈಗ ಆಸರೆ ಇದೆ. ಇದಕ್ಕೆ ಒಂದು ಪುಟ ಕೊಟ್ಟದ್ದು ಜಾಸ್ತಿ ಆಯಿತು ಅಂತ ನನಗೆ ಅನ್ನಿಸುವುದಿಲ್ಲ.

ತರಗತಿಯಲ್ಲಿ ತೋರಿಸಲು ಒಂದು ದಾರಿ ಇದೆ. ಫೋನಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸಾಲದು, ಅಲ್ಲಿ ಶ್ರುತಿ ಬದಲಾಗದಂತೆ ಮೊದಲೇ ಏರ್ಪಾಡು ಮಾಡಿರುತ್ತಾರೆ. ಹುಡುಗಿ ನಿಧಾನವಾಗಿ ಹಾಡುತ್ತಾಳೆ, ಅಷ್ಟೇ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸಿ. ಆಗ ಗಂಡಸಿನ ದನಿ ಬರುತ್ತದೆ. ನಮ್ಮ ಹಳೇ ಗ್ರಾಮಫೋನ್ ಹಾಡುಗಳನ್ನು ಅಂತರ್ಜಾಲದಲ್ಲಿ ಕೇಳುವಾಗಲೂ ಇದು ನೆನಪಿರಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣಕ್ಕೆ ಹಾಡಿ, ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಕಾಲದ ಪ್ಲೇಟುಗಳೆಲ್ಲ ಒಂದೇ ವೇಗದಲ್ಲಿ ಮುದ್ರಣವಾದವಲ್ಲ. ಎಲ್ಲವನ್ನೂ ನಿಮಿಷಕ್ಕೆ 78 ಸುತ್ತಿನಲ್ಲೇ ಓಡಿಸಿದರೆ ಕೆಲವು ಹಾಡುಗಳ ಶ್ರುತಿ ಮೇಲಕ್ಕೋ ಕೆಳಕ್ಕೋ ಜಾರಿರುತ್ತದೆ. ನಿಮ್ಮೂರಿನ ಸಂಗೀತದ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿ ನೋಡಿ. ಮಕ್ಕಳು ಏನೇನು ಪ್ರಶ್ನೆ ಕೇಳಿದರು ಎಂದು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ನಿಮ್ಮ,
ಸಂಪಾದಕ