ಮೂಸೊನಿಗೆ ಬರುವ ಮುನ್ನ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿರುವ ಮೂಸೊನಿಯ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿದೆ, ಟೊರಾಂಟೊದ ಪರಿಚಯದವರೆಲ್ಲ ಬೇಡವೆನ್ನುತ್ತಿದ್ದಾರೆ, ಅಂಥ ಚಳಿಯಲ್ಲಿ ಬದುಕಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ. ಜನವರಿಯಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ಮಾಮೂಲು, ಆದರೆ ಮನೆಯೊಳಗೆ ಬೆಚ್ಚಗಿರುತ್ತದೆ. ಬೂಟು, ಕೋಟಿಗೆ ಮಾತ್ರ ಹಣ ಉಳಿಸಲು ಹೋಗಬೇಡಿ.

ಚಳಿಗಿಂತ ಮೊದಲು ಅರಿಯಬೇಕಾದದ್ದು ರೈಲನ್ನು. ವರ್ಷವಿಡೀ ತೆರೆದಿರುವ ರಸ್ತೆ ಇಲ್ಲಿಗಿಲ್ಲ. ದಕ್ಷಿಣದ ಕಾಕ್ರೇನ್‌ನಿಂದ ಸುಮಾರು 300 ಕಿ.ಮೀ. ಉದ್ದದ ಹಳಿ 1932ರಲ್ಲಿ ಈ ಊರನ್ನು ಮುಟ್ಟಿತು, ಇಲ್ಲೇ ಮುಗಿಯಿತು. ಆ ಹಳಿಯ ಮೇಲೆ ಓಡುವ ಪೋಲಾರ್ ಬೇರ್ ಎಕ್ಸ್‌ಪ್ರೆಸ್ ರೈಲಿಗೆ ಸುಮಾರು ಐದು ಗಂಟೆ ಹಿಡಿಯುತ್ತದೆ. ದಾರಿಯಲ್ಲಿ ಬೇಟೆಯ ಬಿಡಾರದವರಿಗಾಗಿ ಕಾಡಿನ ನಡುವೆಯೂ ನಿಲ್ಲುತ್ತದೆ. ಫ್ರಿಜ್, ದೋಣಿ, ಸ್ನೋಮೊಬೈಲ್, ಕಾರು ಎಲ್ಲವೂ ಹೆಚ್ಚಾಗಿ ರೈಲಿನಲ್ಲೇ ಬರಬೇಕು. ಹಾಗಾಗಿ ತೊಗರಿಬೇಳೆ, ಹುಣಸೆಹಣ್ಣು, ಸಾರಿನ ಪುಡಿಯನ್ನು ಆರು ತಿಂಗಳಿಗಾಗುವಷ್ಟು ಟೊರಾಂಟೊದಲ್ಲೇ ಕಟ್ಟಿಸಿಕೊಳ್ಳಿ. ಇಲ್ಲಿ ತರಕಾರಿಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕೊತ್ತಂಬರಿಯನ್ನು ನಾವು ಕಿಟಕಿಯ ಕುಂಡದಲ್ಲೇ ಬೆಳೆಯುತ್ತೇವೆ.

ಆಸ್ಪತ್ರೆ ಊರಿನ ಪಕ್ಕದ ಮೂಸ್ ನದಿಯ ನಡುವಿನ ಮೂಸ್ ಫ್ಯಾಕ್ಟರಿ ದ್ವೀಪದಲ್ಲಿದೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಗಟ್ಟಿಯಾದ ನದಿಯ ಮೇಲೆಯೇ ವಾಹನ. ನೀರು ಹೆಪ್ಪುಗಟ್ಟುವ ಮತ್ತು ಮಂಜುಗಡ್ಡೆ ಒಡೆಯುವ ದಿನಗಳಲ್ಲಿ ಹೆಲಿಕಾಪ್ಟರೇ ಗತಿ. ನಿತ್ಯದ ಔಷಧಿಗಳಿದ್ದರೆ ಆ ದಿನಗಳಿಗೆ ಮೊದಲೇ ತಂದಿಟ್ಟುಕೊಳ್ಳಿ.

ನೀವು ಕೇಳದ ಒಂದು ಮಾತನ್ನು ಹೇಳಲೇಬೇಕು. ಇದು ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ನೆಲ. ಅವರ ಮಕ್ಕಳನ್ನು ಮನೆಗಳಿಂದ ದೂರವಿಟ್ಟು, ಅವರ ಭಾಷೆಯನ್ನು ಬಾಯಿಂದ ಕಿತ್ತುಕೊಂಡ ವಸತಿ ಶಾಲೆಯೊಂದು ಆ ದ್ವೀಪದಲ್ಲಿ 1976ರವರೆಗೂ ಇತ್ತು. ಅಲ್ಲಿ ಓದಿದವರು ಇಂದು ನಿಮ್ಮ ವಿದ್ಯಾರ್ಥಿಗಳ ಅಜ್ಜ-ಅಜ್ಜಿಯರು. ಹೊಸ ಟೀಚರ್ ಎಂದೊಡನೆ ಅವರು ಮನೆಗೆ ಕರೆಯದಿದ್ದರೆ ಬೇಸರಪಡಬೇಡಿ. ವರ್ಷದೊಳಗೆ ಗಂಟುಮೂಟೆ ಕಟ್ಟಿ ಹೊರಟ ಶಿಕ್ಷಕರನ್ನೂ ಅವರು ಕಂಡಿದ್ದಾರೆ. ಪೌರತ್ವದ ದಾರಿಯಲ್ಲಿ ಒಂದು ತಂಗುದಾಣವೆಂದುಕೊಂಡಿದ್ದರೆ ದಯವಿಟ್ಟು ಬರಬೇಡಿ. ಮಕ್ಕಳಿಗೆ ಮತ್ತೊಂದು ವಿದಾಯ ಬೇಕಿಲ್ಲ.

ವಸಂತದಲ್ಲಿ ಹೆಬ್ಬಾತುಗಳು ಬಂದಾಗ ಶಾಲೆಗೆ ರಜೆ, ಸಂಸಾರಗಳೆಲ್ಲ ಬಿಡಾರಕ್ಕೆ. ಯಾರಾದರೂ ಕರೆದರೆ ಹೋಗಿ. ಗುಡಾರದೊಳಗೆ ಬೆಂಕಿಯ ಪಕ್ಕ ದಾರಕ್ಕೆ ನೇತುಹಾಕಿದ ಹೆಬ್ಬಾತು ಸುತ್ತುತ್ತಾ ಬೇಯುತ್ತದೆ, ಕೆಳಗಿನ ತಟ್ಟೆಗೆ ಕೊಬ್ಬು ತೊಟ್ಟಿಕ್ಕುತ್ತದೆ. ಮಾಂಸ ತಿನ್ನದವರಾದರೆ ಸಂಕೋಚ ಬೇಡ, ಬ್ಯಾನಕ್ ರೊಟ್ಟಿ, ಚಹಾ ಸಾಕು. ಯಾವ ಹಕ್ಕಿ ಎತ್ತ ತಿರುಗುತ್ತದೆ ಎಂದು ತರಗತಿಯಲ್ಲಿ ತುಟಿ ಬಿಚ್ಚದ ಹುಡುಗನೇ ಅಲ್ಲಿ ನಿಮಗೆ ಕಲಿಸುತ್ತಾನೆ. ನನಗೆ ಈ ಊರು ಹಿಡಿಸಿದ್ದು ಅಂಥ ಬಿಡಾರಗಳಲ್ಲೇ.

ಸಹಿ ಹಾಕುವ ಮುನ್ನ ವಸತಿಯ ವಿಷಯವನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಬಾಡಿಗೆ ಮನೆ ಸಿಗುವುದು ಕಷ್ಟ. ಆಗಸ್ಟ್‌ನಲ್ಲೇ ಬಂದರೆ ಚಳಿಗೆ ಮುನ್ನ ಊರು ಪರಿಚಯವಾಗುತ್ತದೆ. ರೈಲಿನ ದಿನ ತಿಳಿಸಿ, ಸಾಮಾನು ಇಳಿಸಲು ನಾವಿಬ್ಬರೂ ಬರುತ್ತೇವೆ.