ಮಹಡಿ ಕಿಟಕಿಯಿಂದ ಹಿತ್ತಲು: ಟೊರೊಂಟೊ ಕಡೆ ಹೊಸದಾಗಿ ಬಂದವರಿಗೆ

ನೀವು ಕೇಳಿದ್ದು ಇಷ್ಟು: ಅಕ್ಟೋಬರ್ ಮೊದಲ ವಾರ ಬ್ರಾಂಪ್ಟನ್‌ನ ಮನೆ ಸೇರಿದ್ದೀರಿ. ಮಹಡಿಯ ಕೋಣೆಯಿಂದ ನೋಡಿದರೆ ಕೆಳಗೆ ಪುಟ್ಟ ಹಿತ್ತಲು, ಹಿಂದಿನವರು ಬಿಟ್ಟುಹೋದ ಎರಡು ಪಾತಿ, ಒಂದು ಮೇಪಲ್ ಮರ, ನೆಲದ ತುಂಬ ಎಲೆ. ಹೇಗೂ ಚಳಿಗಾಲ ಬಂತು, ಏಪ್ರಿಲ್‌ವರೆಗೆ ಹಿಂಬಾಗಿಲು ಹಾಕಿಕೊಂಡು ಕೂರಬಹುದೇ, ಇಲ್ಲಾ ಏನಾದರೂ ಮಾಡಲೇಬೇಕೇ?

ಮಾಡಲೇಬೇಕಾದ ಕೆಲಸ ಎರಡು ಶನಿವಾರದಲ್ಲಿ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೋಡುವ ಕೆಲಸ, ಅದಕ್ಕೆ ನೀವು ಈಗ ನಿಂತಿರುವ ಕಿಟಕಿಗಿಂತ ಒಳ್ಳೆಯ ಜಾಗ ಇಲ್ಲ. ಬೇಸಿಗೆಯಲ್ಲಿ ಹಿತ್ತಲು ಎಲೆ, ಹುಲ್ಲು, ಬಳ್ಳಿಯ ಅಡಿ ಮುಚ್ಚಿಹೋಗಿರುತ್ತದೆ. ಈಗ ಒಂದೊಂದೇ ಕಳಚಿ ನೆಲದ ಏರುತಗ್ಗು ಕಾಣಲು ಶುರುವಾಗುತ್ತದೆ. ಅದೂ ಅಲ್ಲದೆ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಸಂಜೆ ಐದಕ್ಕೇ ಕತ್ತಲು. ಕೆಲಸದಿಂದ ಬರುವಷ್ಟರಲ್ಲಿ ಹಿತ್ತಲೇ ಕಾಣುವುದಿಲ್ಲ. ಬೆಳಗಿನ ಕಾಫಿ ಹೊತ್ತಿನಲ್ಲಿ ಮೇಲಿನಿಂದ ನೋಡಿದ್ದಷ್ಟೇ ಲಾಭ.

ಮೊದಲು ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ನೋಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಕಳೆದ ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ಹುಲ್ಲಿನ ಮೇಲೆ ಬಿಳಿ ಪುಡಿ ಹಚ್ಚಿದಂತೆ ಇರುತ್ತದೆ. ಅದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ಇಳಿಜಾರಿಗೆ ಹರಿದು ಹಲಗೆಯ ಬೇಲಿಗೆ ತಡೆದು ಅಲ್ಲೇ ನಿಲ್ಲುತ್ತದೆ. ಮನೆಯ ಇಟ್ಟಿಗೆ ಗೋಡೆಯ ಬುಡದಲ್ಲಿ ಹಸಿರು ಉಳಿದಿದ್ದು, ಬೇಲಿಯ ಮೂಲೆಯಲ್ಲಿ ಹತ್ತು ಗಂಟೆಯಾದರೂ ಬಿಳಿ ಕರಗದಿದ್ದರೆ ಆ ಮೂಲೆಯಲ್ಲಿ ಬದನೆ, ಮೆಣಸಿನಕಾಯಿ, ಟೊಮೆಟೊ ಇಡಬೇಡಿ. ಮೇ ತಿಂಗಳ ಕೊನೆಯ ಫ್ರಾಸ್ಟ್ ಅಲ್ಲಿಗೇ ಬರುತ್ತದೆ, ಶರತ್ಕಾಲದ ಮೊದಲನೆಯದೂ ಅಲ್ಲಿಗೇ.

ಆಮೇಲೆ ನೀರು. ಜೋರು ಮಳೆ ಬಂದು ನಿಂತ ಅರ್ಧ ಗಂಟೆಗೆ ಕಿಟಕಿಗೆ ಹೋಗಿ. ಈ ಕಡೆಯ ಬಡಾವಣೆಗಳಲ್ಲಿ ತಳದಲ್ಲಿ ಜೇಡಿಮಣ್ಣು, ಮೇಲೆ ಬಿಲ್ಡರ್ ಹರಡಿದ ತೆಳ್ಳನೆಯ ಒಳ್ಳೆ ಮಣ್ಣು. ನೀರು ಇಂಗುವುದು ನಿಧಾನ. ಎಲ್ಲಿ ಕನ್ನಡಿಯಂತೆ ಹೊಳೆಯುತ್ತದೋ ಅಲ್ಲಿ ಬೆಳ್ಳುಳ್ಳಿಯೂ ಕೊಳೆಯುತ್ತದೆ, ಟ್ಯುಲಿಪ್ ಗೆಡ್ಡೆಯೂ ಕೊಳೆಯುತ್ತದೆ. ಇನ್ನೊಂದು ವಿಷಯ: ನಿಮ್ಮ ಮತ್ತು ಪಕ್ಕದವರ ಬೇಲಿಯ ಗುಂಟ ಉದ್ದಕ್ಕೆ ಒಂದು ಹಳ್ಳದ ಗೆರೆ ಕಾಣಬಹುದು. ಅದು ನೆಲ ಕುಸಿದದ್ದಲ್ಲ, ಬೇಕೆಂದೇ ಬಿಟ್ಟ ಬಸಿಗಾಲುವೆ. ಅದನ್ನು ಮಣ್ಣು ತುಂಬಿ ಸಮ ಮಾಡಿ ಮಡಿ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಕಟ್ಟಿದರೆ ಮಾರ್ಚ್‌ನಲ್ಲಿ ಹಿಮ ಕರಗಿದ ನೀರು ನಿಮ್ಮ ಬೇಸ್‌ಮೆಂಟಿಗೋ ಪಕ್ಕದವರ ಬೇಸ್‌ಮೆಂಟಿಗೋ ನುಗ್ಗುತ್ತದೆ, ಜಗಳವಂತೂ ಖಾತ್ರಿ.

ಮೂರನೆಯದು ನೆರಳು. ನಮ್ಮೂರಿನಿಂದ ಬಂದವರು ಲೆಕ್ಕ ತಪ್ಪುವುದೇ ಇಲ್ಲಿ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯನೂ ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ. ಇಲ್ಲಿ ಡಿಸೆಂಬರ್ 21ರ ಮಧ್ಯಾಹ್ನ 23 ಡಿಗ್ರಿ ದಾಟುವುದಿಲ್ಲ, ಜೂನ್‌ನಲ್ಲಿ ಮಾತ್ರ ಸುಮಾರು 70. ದಕ್ಷಿಣಕ್ಕಿರುವ 6 ಅಡಿ ಬೇಲಿ ಜೂನ್ ಮಧ್ಯಾಹ್ನ 2 ಅಡಿ ನೆರಳು ಬೀಳಿಸಿದರೆ, ಡಿಸೆಂಬರ್‌ನಲ್ಲಿ 14 ಅಡಿ. ಹಿತ್ತಲು ಮನೆಯ ಉತ್ತರಕ್ಕಿದ್ದರೆ ಇನ್ನೂ ಕಷ್ಟ. 25 ಅಡಿ ಎತ್ತರದ ಮನೆ ಚಳಿಗಾಲದ ಮಧ್ಯಾಹ್ನ ಸುಮಾರು 60 ಅಡಿ ನೆರಳು ಚಾಚುತ್ತದೆ, ಅಂದರೆ ಹಿತ್ತಲಿಡೀ ಮುಗಿಯಿತು. ಕಿಟಕಿಯಿಂದ ನೋಡಿದರೆ ನಿಮ್ಮದೇ ಮಾಡಿನ ಆಕಾರ ಹಿಮದ ಮೇಲೆ ಮಲಗಿರುವುದು ಕಾಣುತ್ತದೆ. ಅದನ್ನು ನೋಡಿ ಇಲ್ಲೇನೂ ಬೆಳೆಯದು ಎಂದು ಕೈಚೆಲ್ಲಬೇಡಿ. ಲೆಕ್ಕಕ್ಕೆ ಬೇಕಾದ ದಿನ ಮಾರ್ಚ್ 21. ಅವತ್ತು ಮಧ್ಯಾಹ್ನ ಒಂದೂ ಕಾಲರಿಂದ ಒಂದೂವರೆಯೊಳಗೆ ನೆರಳಿನ ಅಂಚು ಎಲ್ಲಿ ಬೀಳುತ್ತದೋ ಅಲ್ಲಿ ನಾಲ್ಕು ಗೂಟ ನೆಡಿ. ಅಲ್ಲಿಂದ ಸೆಪ್ಟೆಂಬರ್ 22ರವರೆಗೆ ಮಧ್ಯಾಹ್ನದ ನೆರಳು ಆ ಗೂಟ ದಾಟುವುದಿಲ್ಲ. ಅದರಾಚೆಗಿನ ನೆಲ ತರಕಾರಿಗೆ, ಈಚೆಗಿನದು ಪುದೀನ, ಪಾಲಕ್, ಹೋಸ್ಟಾ (ನೆರಳಿಗೆ ಒಗ್ಗುವ ಅಲಂಕಾರದ ಎಲೆಗಿಡ) ಇಂಥವಕ್ಕೆ. ಬೆಳಿಗ್ಗೆ, ಸಂಜೆ ಪಕ್ಕದ ಮನೆಗಳ ನೆರಳು ಬೇರೆ ಲೆಕ್ಕ, ಅದಕ್ಕೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಅದೇ ಕಿಟಕಿಯಿಂದ ಫೋಟೊ ತೆಗೆದಿಟ್ಟರೆ ಸಾಕು.

ಇನ್ನು ಕೈ ಕೆಲಸ. ಎಲ್ಲಕ್ಕಿಂತ ಮೊದಲು ಹೊರಗಿನ ನಲ್ಲಿ, ಏಕೆಂದರೆ ಇದೊಂದನ್ನು ಮರೆತರೆ ಸಾವಿರಾರು ಡಾಲರ್ ಖರ್ಚು. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಗೋಡೆಯೊಳಗಿನ ತಾಮ್ರದ ಪೈಪು ಸೀಳುತ್ತದೆ. ಸೀಳಿದ್ದು ಅವತ್ತು ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದಾಗ ಬೇಸ್‌ಮೆಂಟಿನ ಸೀಲಿಂಗಿನಿಂದ ನೀರು ಸುರಿಯುತ್ತದೆ. ಮಾಡುವ ಕ್ರಮ ಹೀಗೆ: ಹೋಸ್ ಪೈಪು ಬಿಚ್ಚಿ ನೀರು ಸುರಿದು ಸುರುಳಿ ಸುತ್ತಿ ಗ್ಯಾರೇಜಿಗೆ ಹಾಕಿ. ಬೇಸ್‌ಮೆಂಟಿನಲ್ಲಿ, ಹೊರಗಿನ ನಲ್ಲಿಯ ನೇರಕ್ಕೆ ಒಳಗೆ, ಆ ಪೈಪಿಗೊಂದು ವಾಲ್ವ್ ಇರುತ್ತದೆ, ಅದನ್ನು ಮುಚ್ಚಿ. ಹೊರಗೆ ಬಂದು ನಲ್ಲಿ ತೆರೆಯಿರಿ, ಪೈಪಿನಲ್ಲಿದ್ದದ್ದು ಹರಿದುಹೋಗಲಿ. ಮತ್ತೆ ಒಳಗೆ ಹೋಗಿ ವಾಲ್ವಿನ ಪಕ್ಕದಲ್ಲಿರುವ ಹಿತ್ತಾಳೆಯ ಪುಟ್ಟ ಮುಚ್ಚಳವನ್ನು ಸಡಿಲಿಸಿ, ಅಡಿಗೆ ಲೋಟ ಹಿಡಿಯಿರಿ. ಅರ್ಧ ಲೋಟದಷ್ಟು ನೀರು ಬರುತ್ತದೆ, ಅಪಾಯ ಇರುವುದು ಆ ಅರ್ಧ ಲೋಟದಲ್ಲೇ. ಮುಚ್ಚಳ ಬಿಗಿ ಮಾಡಿ, ಹೊರಗಿನ ನಲ್ಲಿಯನ್ನು ಚಳಿಗಾಲವಿಡೀ ತೆರೆದೇ ಬಿಡಿ. ನಮ್ಮದು ಫ್ರಾಸ್ಟ್‌ಫ್ರೀ (ಹೆಪ್ಪುಗಟ್ಟದಂತೆ ಮಾಡಿದ) ನಲ್ಲಿ ಎಂದು ಮೈಮರೆಯುವವರೇ ಹೆಚ್ಚು ಕೆಡುವುದು: ಹೋಸ್ ಪೈಪು ಸಿಕ್ಕಿಸಿಯೇ ಬಿಟ್ಟರೆ ಅದರೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಅದೂ ಒಡೆಯುತ್ತದೆ.

ಮಳೆನೀರಿನ ಡ್ರಮ್ ಇದ್ದರೆ ಖಾಲಿ ಮಾಡಿ ಬೋರಲು ಹಾಕಿ. ಸುಟ್ಟ ಮಣ್ಣಿನ ಕುಂಡ ನೀರು ಹೀರಿಕೊಂಡು ಹೆಪ್ಪುಗಟ್ಟಿ ಪದರ ಪದರವಾಗಿ ಉದುರುತ್ತದೆ, ಮಣ್ಣು ತೆಗೆದು ಗ್ಯಾರೇಜಿನಲ್ಲಿಡಿ.

ಕುಂಡದಲ್ಲಿರುವ ನಮ್ಮೂರ ಗಿಡಗಳು (ಕರಿಬೇವು, ದುಂಡುಮಲ್ಲಿಗೆ, ವೀಳ್ಯದೆಲೆ) ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಒಳಗಿರಬೇಕು. ಇಲ್ಲಿ ಅದು ಸೆಪ್ಟೆಂಬರ್ ಕೊನೆಗೇ ಬರುತ್ತದೆ. ಅಂಗಡಿಯಿಂದ ಈಗ ತಂದರೂ ಅದೇ ಉಪಚಾರ. ಒಳಗೆ ತರುವ ಮೊದಲು ಎಲೆಯ ಅಡಿ, ಕಾಂಡದ ಗೆಣ್ಣು ನೋಡಿ. ಕಂದು ಚುಕ್ಕೆಯಂತೆ ಅಂಟಿದ್ದನ್ನು ಉಗುರಿನಲ್ಲಿ ಕೆರೆದರೆ ಎದ್ದುಬಂದರೆ ಅದು ಶಲ್ಕ ಕೀಟ. ಗಿಡಕ್ಕೆಂದೇ ಮಾರುವ ಸಾಬೂನು ದ್ರಾವಣವನ್ನು ವಾರಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಿ. ಕರಿಬೇವು ಸಾಯುವುದು ಚಳಿಗಿಂತ ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಇಲ್ಲಿನ ಮನೆಗಳಲ್ಲಿ ಬಿಸಿಗಾಳಿಯ ಜಾಲರಿ ಕಿಟಕಿಯ ಕೆಳಗೇ ನೆಲದಲ್ಲಿರುತ್ತದೆ. ದಕ್ಷಿಣದ ಕಿಟಕಿ ಎಂದು ಕುಂಡವನ್ನು ಅದರ ಮೇಲೇ ಇಟ್ಟರೆ ಒಣಗಾಳಿಗೆ ಎಲೆ ಗರಿಗರಿಯಾಗುತ್ತದೆ, ನುಸಿ ಹತ್ತುತ್ತದೆ. ಜಾಲರಿಯಿಂದ ಮೂರಡಿ ಈಚೆ ಇಡಿ. ಎರಡು, ಎಲೆ ಉದುರಿತೆಂದು ಗಾಬರಿಯಾಗಿ ನೀರು ಸುರಿಯುವುದು. ಡಿಸೆಂಬರ್, ಜನವರಿಯಲ್ಲಿ ಅದು ಎಲೆ ಉದುರಿಸಿ ಸುಮ್ಮನಿರುವುದು ಸಹಜ. ಬೆರಳು ಎರಡು ಇಂಚು ಮಣ್ಣಿಗಿಳಿಸಿ ಒಣಗಿದ್ದರೆ ಮಾತ್ರ ನೀರು, ಮಾರ್ಚ್‌ವರೆಗೆ ಗೊಬ್ಬರ ಬೇಡವೇ ಬೇಡ. ತುಳಸಿಯ ಹಳೇ ಗಿಡ ಉಳಿಸುವ ಸಾಹಸ ಬೇಡ, ಕದಿರಿನಿಂದ ಬೀಜ ಉದುರಿಸಿಟ್ಟುಕೊಳ್ಳಿ. ದೊಡ್ಡಪತ್ರೆಯ ಒಂದು ಕುಡಿ ನೀರಿನ ಲೋಟದಲ್ಲಿಟ್ಟರೂ ಬೇರು ಬಿಡುತ್ತದೆ.

ಎಲೆಯ ವಿಷಯಕ್ಕೆ ಬರೋಣ. ಹುಲ್ಲಿನ ಮೇಲೆ ಮೇಪಲ್ ಎಲೆ ದಪ್ಪಗೆ ಬಿಟ್ಟರೆ ಹಿಮದಡಿ ಒತ್ತಿ ಬೂಷ್ಟು ಹಿಡಿದು ವಸಂತದಲ್ಲಿ ಹುಲ್ಲು ಬೋಳಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಎರಡು ಸಲ ಓಡಿಸಿದರೆ ಪುಡಿಯಾಗುತ್ತದೆ. ಪುಡಿಯನ್ನು ಪಾತಿಗೆ ಮೂರು ಇಂಚು ಹರಡಿ. ಮಿಕ್ಕದ್ದನ್ನು ಕಾಗದದ ಚೀಲದಲ್ಲಿ ಮಾತ್ರ ರಸ್ತೆ ಬದಿಗಿಡಬೇಕು. ಪ್ಲಾಸ್ಟಿಕ್ ಚೀಲ ಒಯ್ಯುವುದಿಲ್ಲ, ಚಳಿಗಾಲದಲ್ಲಿ ಒಯ್ಯುವುದೇ ನಿಲ್ಲುತ್ತದೆ, ವೇಳಾಪಟ್ಟಿ ನೋಡಿಕೊಳ್ಳಿ. ಮೇಲೆ ಕಿಟಕಿಯಲ್ಲಿದ್ದಾಗಲೇ ಮಾಡಿನ ಅಂಚಿನ ನೀರಿನ ದೋಣಿಯಲ್ಲೂ (ಗಟರ್) ಎಲೆ ತುಂಬಿದೆಯೇ ಗಮನಿಸಿ. ತುಂಬಿದ್ದರೆ ನೀರು ಅಲ್ಲೇ ಹೆಪ್ಪುಗಟ್ಟಿ ಹಿಂದಕ್ಕೆ, ಮಾಡಿನೊಳಕ್ಕೆ ನುಸುಳುತ್ತದೆ.

ಅಡುಗೆಗೆಂದು ಈಗ ನೆಡುವುದಾದರೆ ಬೆಳ್ಳುಳ್ಳಿ. ಹೊಸಬರಿಗೆ ಇದಕ್ಕಿಂತ ನಂಬಿಕಸ್ಥ ಬೆಳೆ ಇಲ್ಲ. ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದೊಳಗೆ, ನೆಲ ಗಟ್ಟಿಯಾಗುವ ಮೂರು ನಾಲ್ಕು ವಾರ ಮೊದಲು. ದಿನಸಿ ಅಂಗಡಿಯದ್ದು ಬೇಡ, ನರ್ಸರಿಯಲ್ಲಿ ಗಟ್ಟಿ ಕಾಂಡದ (ಹಾರ್ಡ್‌ನೆಕ್) ತಳಿ ಕೇಳಿ. ಒಂಟಾರಿಯೊದಲ್ಲಿ 'ಮ್ಯೂಸಿಕ್' ಎಂಬುದೇ ಹೆಚ್ಚು ಬಳಕೆಯಲ್ಲಿದೆ. ಸಿಪ್ಪೆ ಸುಲಿಯದೆ ಎಸಳು ಬಿಡಿಸಿ, ಚೂಪು ತುದಿ ಮೇಲಕ್ಕೆ, ಎರಡು ಇಂಚು ಆಳ, ಆರು ಇಂಚಿಗೊಂದು. ಚಳಿ ಹತ್ತದಿದ್ದರೆ ಗೆಡ್ಡೆ ಎಸಳಾಗಿ ಒಡೆಯುವುದಿಲ್ಲ, ಅದಕ್ಕೇ ವಸಂತದಲ್ಲಿ ನೆಟ್ಟದ್ದು ಈರುಳ್ಳಿಯ ಹಾಗೆ ಒಂದೇ ಉಂಡೆಯಾಗಿ ಬರುವುದು. ಮೇಲಿನ ಮಣ್ಣು ಗಟ್ಟಿಯಾಗತೊಡಗಿದ ಮೇಲೆ ಐದು ಇಂಚು ಒಣಹುಲ್ಲು ಹೊದಿಸಿ. ಹೊದಿಕೆ ಇರುವುದು ನೆಲ ಬೆಚ್ಚಗಿಡಲು ಎಂದುಕೊಂಡು ಮೊದಲೇ ಹಾಕಿದರೆ ಇಲಿ ಸೇರುತ್ತದೆ. ಅದರ ನಿಜವಾದ ಕೆಲಸ, ಹೆಪ್ಪುಗಟ್ಟಿದ ನೆಲ ನಡುನಡುವೆ ಕರಗದಂತೆ ನೋಡಿಕೊಳ್ಳುವುದು. ಕರಗಿ ಹೆಪ್ಪುಗಟ್ಟಿ ಆಗುತ್ತಿದ್ದರೆ ಮಣ್ಣು ಉಬ್ಬಿ ಎಸಳನ್ನು ಮೇಲಕ್ಕೆ ತಳ್ಳುತ್ತದೆ. ಜೂನ್‌ನಲ್ಲಿ ಸುರುಳಿ ಸುತ್ತಿದ ಹೂದಂಟು ಬರುತ್ತದೆ, ಮುರಿದು ಪಲ್ಯಕ್ಕೆ ಹಾಕಿ. ಗೆಡ್ಡೆ ಕೀಳುವುದು ಜುಲೈಯಲ್ಲಿ.

ಕತ್ತರಿ ಹಿಡಿದು ಎಲ್ಲ ಬೋಳಿಸುವ ಉತ್ಸಾಹ ಬೇಡ. ಲೈಲಾಕ್ ಮತ್ತು ದೊಡ್ಡೆಲೆಯ ಹೈಡ್ರೇಂಜಿಯಾ ಎಂಬ ಹೂಪೊದೆಗಳು ಮುಂದಿನ ವರ್ಷದ ಮೊಗ್ಗನ್ನು ಈಗಾಗಲೇ ಕಡ್ಡಿಯಲ್ಲಿ ಇಟ್ಟುಕೊಂಡಿರುತ್ತವೆ, ಕತ್ತರಿಸಿದರೆ ಹೂವಿಲ್ಲ. ಗುಲಾಬಿಯ ಬುಡಕ್ಕೆ ಹತ್ತು ಇಂಚು ಮಣ್ಣು ಏರಿಸಿ, ಕಡ್ಡಿ ಕತ್ತರಿಸುವುದನ್ನು ಏಪ್ರಿಲ್‌ನಲ್ಲಿ ನೋಡೋಣ. ಡೇರೆ ಹೂವಿನ ಗೆಡ್ಡೆ ಮಾತ್ರ ಫ್ರಾಸ್ಟ್‌ಗೆ ಗಿಡ ಕಪ್ಪಾದ ಮೇಲೆ ಅಗೆದು, ಮರದ ಹೊಟ್ಟಿನಲ್ಲಿ ಹೂತು ಬೇಸ್‌ಮೆಂಟಿನ ತಣ್ಣನೆಯ ಮೂಲೆಯಲ್ಲಿಡಬೇಕು. ಸೀಡರ್ ಬೇಲಿಗಿಡಕ್ಕೆ ನೆಲ ಗಟ್ಟಿಯಾಗುವವರೆಗೂ ನೀರು ಬೇಕು. ಬೇರು ಹೆಪ್ಪುಗಟ್ಟಿದ ಮೇಲೆ ಗಾಳಿ, ಬಿಸಿಲು ಎಲೆಯ ನೀರು ಹೀರುತ್ತವೆ, ಬೇರಿನಿಂದ ಬರುವುದಿಲ್ಲ, ಮಾರ್ಚ್‌ಗೆ ಕಂದಾಗುತ್ತದೆ.

ಹಿಮ ಬಿದ್ದ ಮೇಲೆ ಡ್ರೈವ್‌ವೇಯ ಉಪ್ಪು ಬೆರೆತ ಹಿಮವನ್ನು ಪಾತಿಯ ಮೇಲೆ ಎಸೆಯಬೇಡಿ. ಮೈನಸ್ 10ರ ಕೆಳಗೆ ಕಲ್ಲುಪ್ಪು ಸರಿಯಾಗಿ ಕೆಲಸವನ್ನೂ ಮಾಡದು, ಮರಳು ವಾಸಿ. ಹಿತ್ತಲಿನ ಶುದ್ಧ ಹಿಮವಾದರೆ ಪಾತಿಯ ಮೇಲೆ ಎಷ್ಟಿದ್ದರೂ ಒಳ್ಳೆಯದೇ.

ಫೆಬ್ರವರಿ ಕೊನೆಯಿಂದ ಮತ್ತೆ ಕಿಟಕಿ. ಹಿಮ ಮೊದಲು ಕರಗುವ ಜಾಗ ಗುರುತಿಟ್ಟುಕೊಳ್ಳಿ: ಅಲ್ಲಿ ಮೆಂತ್ಯ, ಕೊತ್ತಂಬರಿ ಏಪ್ರಿಲ್‌ನಲ್ಲೇ ಬಿತ್ತಬಹುದು, ಎರಡೂ ಸಣ್ಣ ಫ್ರಾಸ್ಟ್ ತಡೆದುಕೊಳ್ಳುತ್ತವೆ. ಹುಲ್ಲಿನ ಮೇಲೆ ಅಂಕುಡೊಂಕು ದಾರಿಗಳು ಬರೆದಂತೆ ಕಂಡರೆ ಅವು ಹಿಮದಡಿ ಓಡಾಡಿದ ಕಾಡಿಲಿಯವು. ಸಸಿಗಳ ಬುಡದ ತೊಗಟೆ ಕಡಿದಿದೆಯೇ ಇಳಿದು ನೋಡಿ. ಮೆಣಸಿನಕಾಯಿ, ಬದನೆ ಬೀಜವನ್ನು ಮಾರ್ಚ್ ನಡುವೆ ಮನೆಯೊಳಗೆ ಹಾಕಿದರೆ ಮೇ 25ಕ್ಕೆ ಮೊದಲಿನ ಸೋಮವಾರದ ವಿಕ್ಟೋರಿಯಾ ಡೇ ರಜೆ ಕಳೆದ ಮೇಲೆ ಹೊರಗೆ ನೆಡಲು ಸರಿಹೋಗುತ್ತದೆ.

ಅವರೆ ಹಾಕಬಹುದೇ ಎಂದೂ ಕೇಳಿದ್ದೀರಿ. ನಾಟಿ ಅವರೆ ಹಗಲು ಗಿಡ್ಡವಾದ ಮೇಲೆ ಹೂ ಬಿಡುವ ಜಾತಿ. ಇಲ್ಲಿ ಬಳ್ಳಿ ಬೇಲಿ ತುಂಬ ಹಬ್ಬಿ ಸೆಪ್ಟೆಂಬರ್ ಕೊನೆಗೆ ಹೂವಿಗೆ ಬರುತ್ತದೆ, ಕಾಯಿ ಬಲಿಯುವಷ್ಟರಲ್ಲಿ ಫ್ರಾಸ್ಟ್ ಬಡಿಯುತ್ತದೆ. ಹಗಲಿನ ಉದ್ದಕ್ಕೆ ಕಾಯದ ತಳಿ ಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಅಂಥವು. ಆದರೆ ಊರಿನಿಂದ ಬೀಜ ತರುವುದಕ್ಕೆ ಕೆನಡಾದ ಆಮದು ನಿಯಮ ಓದಿಕೊಂಡು, ವಿಮಾನ ನಿಲ್ದಾಣದಲ್ಲಿ ಘೋಷಿಸಿಯೇ ತರಬೇಕು. ಮಣ್ಣಾಗಲಿ, ಬೇರು ಸಹಿತ ಗಿಡವಾಗಲಿ ಸೂಟ್‌ಕೇಸಿನಲ್ಲಿ ಬೇಡ.